ಪರದೆ ಮ್ಯಾಲಿನ ಹುಬ್ಬಳ್ಳಿ

'ನೋ ಸ್ಟಾಕ್' ಬೋರ್ಡ್ ನೋಡಿ ಪೆಟ್ರೋಲ್ ಪಂಪಿನ ಹುಡುಗನ ಮ್ಯಾಲೆ ಒದರಬ್ಯಾಡ್ರಿ, ಪಾಪ ಅವನೂ ಟ್ಯಾಂಕರ್ ದಾರೀನ ಕಾಯಾಕತ್ತಾನ. ಅದು ಚೆನ್ನಮ್ಮ ಸರ್ಕಲ್ ಹತ್ರ ಫ್ಲೈಓವರ್ ಕೆಲಸದಾಗ ಸಿಕ್ಕೊಂಡೈತಿ. ಕಂಪ್ಯೂಟರ್ ಲೆಕ್ಕದಾಗ ಮಾತ್ರ ಮಾಲು ಇಳಿಸಿ ಆಗಲೇ ಡಿಪೋಕ್ಕ ವಾಪಸ್ ಹೊಂಟೈತಿ.

ರೂಟ್ ಪ್ಲಾನ್ ಮಾಡೋ ಮಹಾನುಭಾವರಿಗೆ ಶರಣು. ಪರದೆ ಮ್ಯಾಲೆ ಹುಬ್ಬಳ್ಳಿ ಎಷ್ಟ ಚಂದ ಕಾಣತೈತಿ ಅಂತೀರಿ, ತಗ್ಗಿಲ್ಲ, ಬ್ಯಾರಿಕೇಡ್ ಇಲ್ಲ, ದನ ಇಲ್ಲ, ಗಿರ್ಮಿಟ್ ಗಾಡಿ ಇಲ್ಲ, ಒಂದು ಗೆರಿ ಎಳೆದ್ರ ಮುಗೀತು. ಆ ಗೆರಿ ಬಿಟ್ಟು ಗಾಡಿ ಸರೀತಂದ್ರ ಜಿಪಿಎಸ್ ಚೀರತೈತಿ, ರೂಟ್ ಡೀವಿಯೇಷನ್! ಪೊಲೀಸಪ್ಪ ಕೈ ಮಾಡಿದ ಕಡೆ ತಿರುಗಿಸಿದ್ರ ಮೆಮೋ, ತಿರುಗಿಸಲಿಲ್ಲಂದ್ರ ಫೈನ್. ಜಾಮಿನಾಗ ನಿಂತ್ರ ಡ್ರೈವರ್ ಎಣ್ಣಿ ಕದಿಯಾಕತ್ತಾನ ಅಂತ ಡೌಟು. ಟ್ಯಾಂಕರಿಗೆ ಹಾಕಿದ ಇ-ಲಾಕ್, ಅಂದ್ರ ಎಲೆಕ್ಟ್ರಾನಿಕ್ ಕೀಲಿ, ಪಂಪಿಗೆ ಹೋಗಿ ಓಟಿಪಿ ಬಂದಮ್ಯಾಲೇ ತೆಗಿಯೋದು, ನಡುಬೀದ್ಯಾಗ ಏನ್ ಕದೀತಾನ ಅಂವಾ, ಹಾರ್ನಾ? ಹಗಲು ಊರೊಳಗ ದೊಡ್ಡ ಗಾಡಿಗೆ ನೋ ಎಂಟ್ರಿ, ರಾತ್ರಿ ಓಡಿಸಿದ್ರ ನೈಟ್ ಡ್ರೈವಿಂಗ್ ವೈಲೇಷನ್. ಉಳಿದಿದ್ದು ಯಾವ ಹೊತ್ತು ಅಂತ ಪಂಚಾಂಗದಾಗ ನೋಡಬೇಕು.

ವಿದ್ಯಾನಗರ ದಾಟಿ ಉಣಕಲ್ ಕಡೆ ಬಂದ್ರ ಇನ್ನೊಂದು ಮಜಾ. ಹುಬ್ಬಳ್ಳಿ-ಧಾರವಾಡ ನಡುವ 2018ರಾಗ ಓಡಾಕ ಹತ್ತಿದ ಚಿಗರಿ ಬಸ್ಸಿಗೆ ನಡುವ ಖಾಲಿ ಲೇನ್, ಬಾಜೂಕ ನಾವು, ಆಟೋ, ಟಂಟಂ, ಕಬ್ಬಿನ ಟ್ರ್ಯಾಕ್ಟರ್, ಇವೆಲ್ಲದರ ನಡುವ ಟ್ಯಾಂಕರ್. ಅದರ ಹಿಂದ ಯುಎನ್ 1203 ಅಂತ ಬರದಿರತೈತಲ್ಲ, ಒಳಗ ಪೆಟ್ರೋಲ್ ಐತಿ ಅಂತ, ಅದಕ್ಕ ಆತುಗೊಂಡು ಬೈಕ್ ನಿಲ್ಲಿಸಿ ಬೀಡಿ ಹಚ್ಚೋ ಮಹಾಶಯರನ್ನೂ ನೋಡೀನಿ. ಇಂಥಾ ಧೈರ್ಯ ನಮ್ಮೂರಾಗ ಬಿಟ್ರ ಬ್ಯಾರೆ ಕಡೆ ಸಿಗಂಗಿಲ್ಲ ಬಿಡ್ರಿ.

ಆದ್ರ ನಗೋದು ಎಷ್ಟಂತ. 2024ರಾಗ ಇದೇ ಫ್ಲೈಓವರ್ ಕೆಲಸದಾಗ ಮ್ಯಾಲಿಂದ ರಾಡ್ ಬಿದ್ದು ಎಎಸ್‌ಐ ಒಬ್ರು ತೀರಿಕೊಂಡ್ರು. ಅದರ ಕೆಳಗ 12 ಸಾವಿರ ಲೀಟರ್ ಪೆಟ್ರೋಲ್ ತಗೊಂಡು ತಾಸುಗಟ್ಟಲೆ ನಿಲ್ಲೋ ಡ್ರೈವರ್‌ಗೆ ನಾವು ಕೇಳೋದು ಏನಂದ್ರ, ಯಾಕಪ್ಪಾ ನಿಂತಿ? ಕಾರಣ ಬರದು ಕೊಡು. ರಸ್ತೆ ಅಗೆದವರನ್ನ ಯಾರೂ ಕೇಳಲಿಲ್ಲ, ಡೈವರ್ಷನ್ ಆಗೇತಿ ಅಂತ ಡಿಪೋಕ್ಕ ಒಂದು ಫೋನ್ ಮಾಡೋ ಪುಣ್ಯಾತ್ಮನೂ ಇಲ್ಲ. ರೂಟ್ ತಪ್ಪಿತಂತ ಡಿಪೋದವರು ಗಾಡಿ ಬ್ಲಾಕ್ ಮಾಡಿದ್ರ ಟ್ರಿಪ್ಪಿಲ್ಲ, ಟ್ರಿಪ್ಪಿಲ್ಲಂದ್ರ ಡ್ರೈವರ್‌ಗೆ ಭತ್ತಾನೂ ಇಲ್ಲ. ಗೆರಿ ಎಳೆದವರ ಪಗಾರ ಮಾತ್ರ ತಿಂಗಳಾ ಒಂದಕ್ಕ ಬರೋಬ್ಬರಿ ಬಂದು ಬೀಳತೈತಿ, ಅದರ ರೂಟಿನಾಗ ಯಾವ ಡೈವರ್ಷನ್ನೂ ಇಲ್ಲ ನೋಡ್ರಿ.