ತೊಟ್ಟಿ ಕಟ್ಟಿಸೋ ಮುಂಚೆ

ಬೇಸಿಗೆ ಬಂತು. ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಚಂದಾ. ಕಾವಲಿನಲ್ಲಿ, ಅಂದ್ರೆ ಊರಾಚೆಯ ಹುಲ್ಲುಗಾವಲಲ್ಲಿ, ಕಾಡುಪ್ರಾಣಿಗಳಿಗೆ ನೀರಿಲ್ಲ, ಇನ್ನೊಂದು ಸಿಮೆಂಟ್ ತೊಟ್ಟಿ ಕಟ್ಟಿಸೋಣ, ಟ್ಯಾಂಕರ್ ಹೊಡೆಸೋಣ ಅಂತ. ಎರಡು ವರ್ಷದ ಹಿಂದೆ ನಾನೂ 2,000 ರೂಪಾಯಿ ಹಾಕಿದ್ದೆ. ಈ ಸಲ ಹಾಕಲಿಲ್ಲ. ಬೈಯೋರು ಪೂರ್ತಿ ಓದಿ ಬೈಯಿರಿ.

ನಮ್ಮ ತುಮಕೂರು ಜಿಲ್ಲೆಯನ್ನೇ ತಗೊಳ್ಳಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಲ್ಲಿ ಕೃಷ್ಣಮೃಗ ಇದೆ. ಶಿರಾ ಕಡೆ ಬುಕ್ಕಾಪಟ್ಟಣದ ಕುರುಚಲು ಕಾಡಲ್ಲಿ ಚಿಂಕಾರ ಇದೆ. 2019ರಲ್ಲಿ ಚಿಂಕಾರಕ್ಕೆಂದೇ ಅಲ್ಲಿ ವನ್ಯಜೀವಿಧಾಮ ಆಯಿತು. ಎರಡೂ ಹುಲ್ಲೆಗಳೇ, ಆದರೆ ಬದುಕೋ ರೀತಿ ಬೇರೆ. ಕೃಷ್ಣಮೃಗಕ್ಕೆ ಹುಲ್ಲೇ ಮುಖ್ಯ ಮೇವು. ಹುಲ್ಲು ಒಣಗಿದ ಮೇಲೆ ಅದಕ್ಕೆ ಕುಡಿಯೋ ನೀರು ಬೇಕೇ ಬೇಕು. ಚಿಂಕಾರ ಹಾಗಲ್ಲ. ಎಲೆ, ಚಿಗುರು, ಎಲಚಿ ಹಣ್ಣು, ಬೆಳಗಿನ ಇಬ್ಬನಿ, ಇಷ್ಟರಲ್ಲೇ ಎಷ್ಟೋ ದಿನ ದೂಡುತ್ತದೆ. ದನ, ಕುರಿ, ಹಂದಿ ನಿಲ್ಲಲಾರದ ಕಡೆ ಅದು ನಿಲ್ಲುತ್ತದೆ. ನೀರಿಲ್ಲದಿರುವುದೇ ಅದಕ್ಕೆ ಬೇಲಿ.

ಬಯಲುಸೀಮೆಯ ಸ್ಯಾಂಡ್‌ಗ್ರೌಸ್ ಹಕ್ಕಿಯ ಕಥೆ ಇನ್ನೂ ಮಜಾ. ತಿನ್ನೋದು ಒಣ ಬೀಜ, ಹಾಗಾಗಿ ದಿನಾ ನೀರಿಗೆ ಹಾರಲೇಬೇಕು. ಆದರೂ ಮೊಟ್ಟೆ ಇಡೋದು ನೀರಿನಿಂದ ದೂರದ ಬರಡು ನೆಲದಲ್ಲಿ. ಗಂಡು ಹಕ್ಕಿ ಹೊಟ್ಟೆಯ ಗರಿ ನೆನೆಸಿಕೊಂಡು ಹಾರಿ ಬರುತ್ತದೆ, ಮರಿಗಳು ಆ ಗರಿ ಚೀಪಿ ನೀರು ಕುಡಿಯುತ್ತವೆ. ಕೆರೆ ದಡದಲ್ಲೇ ಇದ್ದಿದ್ದರೆ ಈ ಪಾಡು ಯಾಕೆ ಅನ್ನಿಸುತ್ತೆ ಅಲ್ವಾ? ನೀರಿನ ಹತ್ತಿರ ನರಿ, ಮುಂಗುಸಿ ಓಡಾಟ ಜಾಸ್ತಿ ಸ್ವಾಮಿ!

ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ 1930ರ ದಶಕದಿಂದ ಪ್ರಾಣಿಗಳಿಗಾಗಿ ಬೋರ್‌ವೆಲ್ ಕೊರೆಯುತ್ತಾ ಹೋದರು. ಒಳ್ಳೇ ಮನಸ್ಸಿನಿಂದಲೇ. ಉತ್ತರದ ಬಯಲಲ್ಲಿ ರೋನ್ ಅನ್ನೋ ಅಪರೂಪದ ಹುಲ್ಲೆ ಎತ್ತರದ ಹುಲ್ಲಿನ ನಡುವೆ ಅಲ್ಲಲ್ಲಿ ಚೆದುರಿಕೊಂಡು ಬದುಕಿತ್ತು. ನೀರು ಸಿಕ್ಕಿದ್ದೇ ತಡ, ಜೀಬ್ರಾ ಹಿಂಡು ಬಂತು. ಅದರ ಬೆನ್ನಿಗೇ ಸಿಂಹ ಬಂತು. ರೋನ್‌ಗೆ ಮರೆಯಾಗಿದ್ದ ಹುಲ್ಲು ಸವೆಯಿತು. ನಡುವೆ ಬರ ಬೇರೆ. 1986ರಲ್ಲಿ ಸುಮಾರು 450 ಇದ್ದ ರೋನ್ 1993ಕ್ಕೆ ಸುಮಾರು 45ಕ್ಕೆ ಇಳಿಯಿತು. ಮರುವರ್ಷ ಅಲ್ಲಿನ ಬೋರ್‌ಗಳನ್ನು ಮುಚ್ಚಲು ಶುರು ಮಾಡಿದರು. ಮುಚ್ಚಿದ ಮಾತ್ರಕ್ಕೆ ರೋನ್ ವಾಪಸ್ ಬರಲಿಲ್ಲ.

ಕೀನ್ಯಾದ ತ್ಸಾವೋ ಉದ್ಯಾನದಲ್ಲಿ 1970-71ರ ಬರಕ್ಕೆ ಸಾವಿರಾರು ಆನೆ ಸತ್ತವು. ಬಾಯಾರಿ ಅಲ್ಲ, ಹಸಿದು. ಮರಿ ಕಟ್ಟಿಕೊಂಡ ಹೆಣ್ಣಾನೆಗಳು ನೀರು ಬಿಟ್ಟು ದೂರ ಹೋಗುವ ಹಾಗಿರಲಿಲ್ಲ. ನೀರಿನ ಸುತ್ತ ಮೇವು ಮುಗಿದಿತ್ತು.

ಇದೆಲ್ಲ ನನಗೆ ಅರ್ಥ ಆಗಿದ್ದು ನಾವೇ ಕಟ್ಟಿಸಿದ ತೊಟ್ಟಿ ನೋಡಲು ಹೋದಾಗ. ಸುತ್ತ ಕುರಿ ರೊಪ್ಪದ ಮುಂದಿನ ನೆಲದ ಹಾಗೆ ಬರೀ ಪುಡಿಮಣ್ಣು. ಒಂದು ಗರಿಕೆಯೂ ಇಲ್ಲ. ದನದ ಹೆಜ್ಜೆ, ಕುರಿ ಹೆಜ್ಜೆ, ಹಂದಿ ಹೆಜ್ಜೆ. ತೊಟ್ಟಿಯ ನೆರಳಲ್ಲಿ ಮೂರು ನಾಯಿ ಆರಾಮಾಗಿ ಮಲಗಿದ್ದವು. ಕೃಷ್ಣಮೃಗದ ಮರಿ ಹಿಡಿಯೋದು ಇಂಥ ನಾಯಿಗಳೇ. ನಮ್ಮ 2,000 ರೂಪಾಯಿ ಅವಕ್ಕೆ ಅನುಕೂಲ ಮಾಡಿಕೊಟ್ಟಿತ್ತು.

"ಹಾಗಾದ್ರೆ ಸಾಯ್ಲಿ ಅಂತೀಯೇನೋ?" ಅಂತ ಗೆಳೆಯನೊಬ್ಬ ಕೇಳಿದ. ಅಲ್ಲ ಮಾರಾಯ. ಕಾವಲಿನಲ್ಲಿ ಹಳೇ ಗೋಕಟ್ಟೆಗಳಿವೆ, ಹೂಳು ತುಂಬಿ ಕೂತಿವೆ. ಮಳೆ ಬಿದ್ದ ಕಡೆ ತುಂಬುತ್ತವೆ, ಒಂದಾದ ಮೇಲೊಂದು ಬತ್ತುತ್ತವೆ. ನೀರು ಜಾಗ ಬದಲಿಸಿದ ಹಾಗೆ ಪ್ರಾಣಿಗಳೂ ಬದಲಿಸುತ್ತವೆ. ಅಷ್ಟರಲ್ಲಿ ಹಿಂದೆ ಬಿಟ್ಟ ಹುಲ್ಲು ಉಸಿರಾಡುತ್ತದೆ. ವರ್ಷವಿಡೀ ಒಂದೇ ಕಡೆ ಟ್ಯಾಂಕರ್ ಸುರಿದರೆ ಈ ಓಡಾಟವೇ ನಿಂತುಹೋಗುತ್ತದೆ. ನಾವೇ ಹಾಳು ಮಾಡಿದ ಕಟ್ಟೆ, ನಾವೇ ತಡೆದ ಹಳ್ಳ ಇದ್ದರೆ ಅದನ್ನು ಸರಿ ಮಾಡೋಣ. ಅದಕ್ಕೆ ನನ್ನ ತಕರಾರಿಲ್ಲ.

ಗುಂಪಿನಲ್ಲೂ ಇದನ್ನೇ ಬರೆದೆ. ಗೋಕಟ್ಟೆ ಹೂಳು ತೆಗೆಸೋದಾದ್ರೆ 5,000 ಕೊಡ್ತೀನಿ ಅಂತ. ನಾಲ್ಕು ದಿನ ಆಯಿತು. ಇಬ್ಬರು ಹೆಬ್ಬೆಟ್ಟು ಒತ್ತಿದ್ದಾರೆ, ಒಬ್ಬರು ಹೊಸ ತೊಟ್ಟಿಯ ಕೊಟೇಶನ್ ಹಾಕಿದ್ದಾರೆ.