ಥರ್ಮೋಕೋಲ್ ಬೇಡ, ಒಂದು ಕರಿಬೇವಿನ ಗಿಡ ಸಾಕು

ವಿಜ್ಞಾನ ಹಬ್ಬ ಅಂದಮೇಲೆ ಮಕ್ಕಳು ತಾವೇ ಏನನ್ನಾದರೂ ನೋಡಬೇಕು, ಎಣಿಸಬೇಕು, ಬರೆದಿಡಬೇಕು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಫೆಬ್ರವರಿ ಬಂದಾಗಲೆಲ್ಲ ಈ ಮಾತನ್ನು ಯಾರಿಗಾದರೂ ಹೇಳುತ್ತಲೇ ಇರುತ್ತೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಬೆಳಕು ಚದುರುವಾಗ ಅದರ ಒಂದಂಶದ ಬಣ್ಣ ಬದಲಾಗುತ್ತದೆ ಅನ್ನುವ ತಮ್ಮ ದೊಡ್ಡ ಶೋಧವನ್ನು 1928ರ ಆ ದಿನ ಸಿ.ವಿ. ರಾಮನ್ ಪ್ರಕಟಿಸಿದರು. 1987ರಿಂದ ದೇಶದ ಎಲ್ಲ ಕಡೆ ಆಚರಣೆ ನಡೆಯುತ್ತಿದೆ. ನಮ್ಮ ಕಡೆಯ ಶಾಲೆಗಳಲ್ಲಿ ಅಂದು ವಸ್ತುಪ್ರದರ್ಶನ. ಹಿಂದಿನ ಸಂಜೆ ಸ್ಟೇಷನರಿ ಅಂಗಡಿಗೆ ಹೋದರೆ ಥರ್ಮೋಕೋಲ್ ಹಾಳೆ ಖಾಲಿ. ಜ್ವಾಲಾಮುಖಿ, ಸೌರಮಂಡಲ, ಮಳೆನೀರು ಕೊಯ್ಲು. ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸಿ ಕೊಟ್ಟಿರುತ್ತಾರೆ. ಮಗು ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಬಂದಿರುತ್ತದೆ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಪಾಪ, ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ನಾವು ಅದಕ್ಕೆ ಹೇಳಿಕೊಟ್ಟಿದ್ದೇ ಅಷ್ಟು.

ರಾಮನ್ ಮತ್ತು ಅವರ ಜೊತೆಗಾರ ಕೆ.ಎಸ್. ಕೃಷ್ಣನ್ ಆ ಪ್ರಯೋಗದ ಶುರುವಿನಲ್ಲಿ ಬಳಸಿದ್ದು ಬಿಸಿಲಿನ ಬೆಳಕನ್ನೇ. ಅದನ್ನು ದ್ರವದೊಳಗೆ ಹಾಯಿಸಿ, ಬಣ್ಣದ ಫಿಲ್ಟರ್ ಇಟ್ಟು, ಕಣ್ಣಿನಿಂದಲೇ ನೋಡಿದರು. ಅವರ ಹೆಸರಿನ ಹಬ್ಬದಲ್ಲಿ ನಮ್ಮ ಮಕ್ಕಳಿಗೆ ನೋಡುವ ಕೆಲಸವೇ ಇಲ್ಲ ಅಂದರೆ ಬೇಜಾರಾಗುತ್ತದೆ.

ದೊಡ್ಡ ಮೇಳಗಳ ಬಗ್ಗೆ ನನಗೆ ತಕರಾರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಶುರುವಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ವಿಪರೀತ ಜನ, ನಡೆದು ನಡೆದು ಕಾಲು ನೋವು, ಆದರೂ ಹೋಗಬೇಕು. ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೂ ಹೇಳಿದ್ದನ್ನೇ ಬೇಸರವಿಲ್ಲದೆ ಹೇಳುತ್ತಾರೆ. ಆದರೆ ಬೀದರ್‌ನ ಹಳ್ಳಿಯ ಮಗು ಅಲ್ಲಿಗೆ ಹೇಗೆ ಬರುತ್ತದೆ? ಕಲಬುರಗಿ, ಧಾರವಾಡ, ಮಂಗಳೂರಿನ ಪಿಲಿಕುಳ, ಇಲ್ಲೆಲ್ಲ ವಿಜ್ಞಾನ ಕೇಂದ್ರಗಳಿವೆ ನಿಜ. ಅಲ್ಲಿಗೂ ಬಸ್ ಬೇಕು, ದುಡ್ಡು ಬೇಕು, ಅನುಮತಿ ಬೇಕು. ಹಬ್ಬ ಊರಿಗೇ ಬರಬೇಕು ಅಂತ ನಾನು ಹೇಳುವುದು ಅದಕ್ಕೇ.

ಊರಲ್ಲಿ ಏನಿದೆ ಅಂತೀರಾ? ನಮ್ಮ ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ ಒಂದು ಕರಿಬೇವಿನ ಗಿಡ ಇದೆ. ಮಳೆ ಬಿದ್ದು ಹೊಸ ಚಿಗುರು ಬಂದಾಗ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿ ಬಣ್ಣದ ಚಿಟ್ಟೆ ಮೊಟ್ಟೆ ಕಾಣುತ್ತದೆ. ಒಂದೊಂದು ಎಲೆಗೆ ಒಂದೊಂದೇ. ಅದರಿಂದ ಬರುವ ಮರಿಹುಳು ಥೇಟ್ ಹಕ್ಕಿ ಹಿಕ್ಕೆ. ಕಪ್ಪು, ನಡುವೆ ಬಿಳಿ ಮಚ್ಚೆ. ಹಕ್ಕಿಗಳು ಮೋಸಹೋಗಲಿ ಅಂತಲೇ ಆ ವೇಷ. ಬೆಳೆದಂತೆ ಪೊರೆ ಕಳಚಿ ಕಳಚಿ ಕೊನೆಗೆ ಎಲೆಯಷ್ಟೇ ಹಸಿರಾಗುತ್ತದೆ. ಆಗ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಒಂಥರಾ ಘಾಟು ವಾಸನೆ. ಐದನೇ ಕ್ಲಾಸಿನ ಮಕ್ಕಳು ಹಿಂದಕ್ಕೆ ಜಿಗಿದು, ಮರುಕ್ಷಣ ಮುಂದಕ್ಕೆ ಬಂದು ಬಗ್ಗುತ್ತಾರೆ. ಅಡುಗೆಯ ಅಕ್ಕ ಇಣುಕಿ ನೋಡಿ, "ಇದು ನಮ್ಮನೆ ಗಿಡಕ್ಕೂ ಬರುತ್ತೆ ಮೇಡಂ, ನಾನು ಕಿತ್ತು ಬಿಸಾಕ್ತಿದ್ದೆ. ಚಿಟ್ಟೆ ಆಗುತ್ತಾ ಇದು?" ಅಂದರು. ಆಮೇಲೆ ಅವರೇ ದಿನಾ ಬೆಳಗ್ಗೆ ವರದಿ ಕೊಡುತ್ತಿದ್ದರು.

ಮರಿಹುಳು ಕೊನೆಗೆ ಕೋಶವಾಗುತ್ತದೆ, ಅಂಥ ಒಂದು ಕೋಶದಿಂದ ಚಿಟ್ಟೆ ಬರಲೇ ಇಲ್ಲ. ಅದು ಕಂದು ಬಣ್ಣಕ್ಕೆ ತಿರುಗಿ, ಸಣ್ಣ ತೂತಾಗಿ, ಅದರಿಂದ ಸೊಳ್ಳೆಗಿಂತಲೂ ಪುಟ್ಟದಾದ ಕಣಜಗಳು ಸಾಲಾಗಿ ಹೊರಬಂದವು. ಪಾಠದಲ್ಲಿ ಇರುವುದು ನಾಲ್ಕೇ ಚಿತ್ರ: ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ. "ಮಿಸ್, ಚಿಟ್ಟೆ ಎಲ್ಲಿ?" ಅಂತ ಒಬ್ಬಳು ಅಳುಮುಖ ಮಾಡಿದಳು. ತಾಯಿ ಕಣಜ ಕೋಶದೊಳಗೆ ಮೊಟ್ಟೆ ಇಟ್ಟಿತ್ತು, ಅದರ ಮರಿಗಳು ಒಳಗಿದ್ದುದನ್ನು ತಿಂದು ಬೆಳೆದವು ಅಂತ ವಿವರಿಸಿದೆ. ಹಾಗಾದರೆ ಕಣಜ ಕೆಟ್ಟದ್ದಾ, ಕಣಜ ಇಲ್ಲದಿದ್ದರೆ ಕರಿಬೇವು ಉಳಿಯುತ್ತಿತ್ತಾ ಅಂತ ಅವರವರೇ ವಾದಕ್ಕೆ ಬಿದ್ದರು. ಮುಂದಿನ ಪಿರಿಯಡ್ಡಿನ ಬೆಲ್ ಹೊಡೆದರೂ ನಿಲ್ಲಲಿಲ್ಲ. ಇಂಥ ವಾದ ಥರ್ಮೋಕೋಲ್ ಮಾದರಿಯ ಮುಂದೆ ಎಂದಾದರೂ ನಡೆದಿದೆಯಾ?

ಇನ್ನೊಂದು ವಿಷಯ ಹಕ್ಕಿ ಎಣಿಕೆ. ಪ್ರತಿ ಫೆಬ್ರವರಿಯ ನಡುವೆ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಭಾರತ 2013ರಿಂದ ಇದರಲ್ಲಿದೆ. ಶಾಲೆ ಕಾಲೇಜುಗಳ ಆವರಣಕ್ಕೆ ಅಂತಲೇ ಕ್ಯಾಂಪಸ್ ಬರ್ಡ್ ಕೌಂಟ್ ಇದೆ. ಕನಿಷ್ಠ 15 ನಿಮಿಷ ಒಂದು ಜಾಗದಲ್ಲಿ ನಿಂತು, ಕಂಡ ಹಕ್ಕಿ ಯಾವುದು, ಎಷ್ಟು ಅಂತ ಬರೆದು, ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸುವುದು. ಅಷ್ಟೇ ಕೆಲಸ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಗೊರವಂಕ, ಕಾಜಾಣ, ಕೆಂಬೂತ, ಕಳ್ಳಿಪೀರ, ಹರಟೆಮಲ್ಲ ಇವನ್ನೆಲ್ಲ ಬರಿಗಣ್ಣಿನಲ್ಲೇ ಗುರುತಿಸಬಹುದು. ಕಾಗೆಯನ್ನೂ ಬರೆಯಬೇಕು. ಮಕ್ಕಳಿಗೆ ಇದು ಮೊದಲು ನಂಬಿಕೆಯೇ ಆಗುವುದಿಲ್ಲ, ಕಾಗೆ ಬರೆದರೆ ಮಾರ್ಕ್ಸ್ ಬರುತ್ತಾ ಅಂತ ಕೇಳುತ್ತಾರೆ!

ಈ ಲೆಕ್ಕ ಸುಮ್ನೆ ಆಟವಲ್ಲ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದೇ ಇಂಥ ದಾಖಲೆಗಳ ಮೇಲೆ. ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಕೊಟ್ಟ 3 ಕೋಟಿಗೂ ಜಾಸ್ತಿ ದಾಖಲೆಗಳು ಅದರಲ್ಲಿವೆ. ನವಿಲು ಹೆಚ್ಚಿದೆ ಅಂತ ಅದು ಹೇಳಿತು, ನಮ್ಮ ರೈತರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ. ಆದರೆ ನೀಲಕಂಠ ಸುಮಾರು 30 ಪ್ರತಿಶತ ಕಡಿಮೆಯಾಗಿದೆ ಅಂತಲೂ ಹೇಳಿತು. ನೀಲಕಂಠ ನಮ್ಮ ರಾಜ್ಯಪಕ್ಷಿ. ಕರೆಂಟ್ ತಂತಿಯ ಮೇಲೆ ಮಂಕಾಗಿ ಕೂತಿರುತ್ತದೆ, ಹಾರಿದಾಗ ರೆಕ್ಕೆಯಲ್ಲಿ ಎರಡು ಥರದ ನೀಲಿ ಮಿಂಚುತ್ತದೆ. ಅದು ಇನ್ನೂ ಕಣ್ಣಿಗೆ ಬೀಳುವುದರಿಂದ ಇಳಿಮುಖ ಆಗಿರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ವರ್ಷ ವರ್ಷ ಎಣಿಸಿದ್ದರಿಂದಲೇ ಗೊತ್ತಾಯಿತು. ಹಳ್ಳಿ ಶಾಲೆಯ ಮಗು ಬರೆದ "ನೀಲಕಂಠ - 1" ಕೂಡ ಆ ಲೆಕ್ಕಕ್ಕೆ ಬೇಕು. "ನೀಲಕಂಠ ಕಾಣಲಿಲ್ಲ" ಅನ್ನುವುದೂ ಅಷ್ಟೇ ಬೇಕು.

ಈಗ ದಿನಾಂಕದ ಗೋಳು. ಮೇ 22 ಅಂತರರಾಷ್ಟ್ರೀಯ ಜೀವವೈವಿಧ್ಯ ದಿನ. ನಮ್ಮ ಶಾಲೆಗಳಿಗೆ ಆಗ ಬೇಸಿಗೆ ರಜೆ! ಮೊದಲು ಇದು ಡಿಸೆಂಬರ್ 29ಕ್ಕೆ ಇತ್ತು. ಆ ಹೊತ್ತಿಗೆ ಬಹಳ ದೇಶಗಳಲ್ಲಿ ರಜೆ, ಆಚರಣೆ ಕಷ್ಟ ಅಂತ ವಿಶ್ವಸಂಸ್ಥೆ 2000ದಲ್ಲಿ ಬದಲಾಯಿಸಿತು. ಅವರು ತಮ್ಮ ಅನುಕೂಲಕ್ಕೆ ಬದಲಾಯಿಸಿಕೊಂಡ ಮೇಲೆ ನಾವೂ ನಮ್ಮ ಅನುಕೂಲಕ್ಕೆ ಮಾಡಿಕೊಳ್ಳಬಹುದು ಅಲ್ವಾ? ಜುಲೈ ಕೊನೆಯ ವಾರ ಪತಂಗಗಳ ಸಪ್ತಾಹ ಇದೆ. ಮಳೆ ಬಿಡುವು ಕೊಟ್ಟ ಒಂದು ಸಂಜೆ ಬಿಳಿ ಪಂಚೆಯನ್ನು ಪರದೆಯ ಹಾಗೆ ಕಟ್ಟಿ, ಬೆಳಕಿಗೆ ಪತಂಗಗಳು ಬರಲಿ ಅಂತ ಮುಂದೆ ಬಲ್ಬ್ ಹಚ್ಚಿ, ಊರವರನ್ನು ಕರೆಯಿರಿ. ಪೋಷಕರ ಸಭೆಗೆ ತಲೆ ಹಾಕದ ಅಪ್ಪಂದಿರೂ ನಮ್ಮಲ್ಲಿ ಬಂದು ಪಂಚೆಯ ಮುಂದೆ ನಿಂತರು. ಕಣಗಿಲೆ, ನಂದಿಬಟ್ಟಲು ತಿಂದು ಬೆಳೆಯುವ ಹಸಿರು ಪತಂಗ ಬಂದು ಕೂತಾಗ ಜನ ಮೊಬೈಲ್ ತೆಗೆಯಲು ಮುಗಿಬಿದ್ದರು.

ಅಜ್ಜ ಅಜ್ಜಿಯರಿಗೂ ಹಬ್ಬದಲ್ಲಿ ಜಾಗ ಇರಲಿ. ಉತ್ತರ ಕನ್ನಡದ ಜೋಯಿಡಾದ ಗಡ್ಡೆ ಗೆಣಸು ಮೇಳದಲ್ಲಿ ಕುಣಬಿ ಸಮುದಾಯದ ಹೆಂಗಸರು ಮುಡ್ಲಿ ಮತ್ತಿತರ ಗಡ್ಡೆಗಳನ್ನು ತಂದು ಜೋಡಿಸುತ್ತಾರೆ. ಯಾವುದನ್ನು ಹೇಗೆ ಬೆಳೆಯಬೇಕು, ಹೇಗೆ ಬೇಯಿಸಬೇಕು ಅಂತ ಹೇಳುವವರೂ ಅವರೇ. ಆ ಜ್ಞಾನದ ಮುಂದೆ ನನ್ನ ಬಿ.ಎಡ್. ಎಲ್ಲಿ ನಿಲ್ಲುತ್ತದೆ? 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಬೀಜ, ಮದ್ದು ಎಲ್ಲವನ್ನೂ ಜನರನ್ನು ಕೇಳಿ ದಾಖಲಿಸಬೇಕು. ನಿಮ್ಮ ಪಂಚಾಯಿತಿಯ ದಾಖಲೆ ಕೇಳಿ ನೋಡಿ. ಅದರಲ್ಲಿ ಇರುವುದಕ್ಕೂ ಊರಲ್ಲಿ ಇರುವುದಕ್ಕೂ ತಾಳೆ ಆಗುತ್ತಾ ಅಂತ ಮಕ್ಕಳ ಕೈಲೇ ಪರೀಕ್ಷೆ ಮಾಡಿಸಿ. ಅಜ್ಜಿಯ ಹತ್ತಿರ ಕೂತು ಹಿತ್ತಲಿನ ಹತ್ತು ಸೊಪ್ಪಿನ ಹೆಸರು ಬರೆದುಕೊಂಡು ಬಂದ ಮಗು ಅದನ್ನು ಗ್ರಾಮಸಭೆಯಲ್ಲಿ ಓದಲಿ, ಪಿಡಿಒ ಅವರು ದಾಖಲೆಗೆ ಸೇರಿಸಿಕೊಳ್ಳಲಿ.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ನೋಟ್‌ಬುಕ್, ಪೆನ್ಸಿಲ್, ಒಂದು ಭೂತಗನ್ನಡಿ, ಹಳೇ ಪಂಚೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಟೀ ಮಂಡಕ್ಕಿ ವ್ಯವಸ್ಥೆ ಮಾಡಿದರೆ ಸಾಕು. ಬಹುಮಾನ ಮಾತ್ರ ದಯವಿಟ್ಟು ಇಡಬೇಡಿ. ಬಹುಮಾನ ಬಂದ ಕೂಡಲೇ ಅಪ್ಪಂದಿರು ಹಕ್ಕಿ ಎಣಿಸಲು ಶುರು ಮಾಡುತ್ತಾರೆ, ಮಗು ಪಕ್ಕದಲ್ಲಿ ನಿಂತಿರುತ್ತದೆ.

ಶಿಕ್ಷಕ ಮಿತ್ರರೇ, ನಾವು ಬಳಸುವ ಹಕ್ಕಿ ಪಟ್ಟಿ ಒಂದೇ ಪುಟದ್ದು, ಎಲ್ಲ ಹೆಸರೂ ಕನ್ನಡದಲ್ಲಿದೆ. ಬೇಕಾದವರು ಕಾಮೆಂಟಿನಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹಾಕಿ, ಕಳಿಸುತ್ತೇನೆ. ನಿಮ್ಮ ಕಡೆ ಹಕ್ಕಿಗಳಿಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ, ಪಟ್ಟಿಗೆ ಸೇರಿಸಬೇಕು.