ಗಣಕಕ್ಕೆ ಬೀಗ, ಭಾವನವರಿಗೆ ಕೀಲಿಕೈ

ಗಣಕಕ್ಕೆ ಕನ್ನ ಹಾಕುವವರು ಯಾವುದೋ ದೂರದೇಶದ ಕತ್ತಲೆ ಕೋಣೆಯಲ್ಲಿ ಕುಳಿತಿರುತ್ತಾರೆಂದು ಎಚ್ಚರಿಸುವ ತಜ್ಞರಾರೂ ಹಬ್ಬದ ದಿನ ನಮ್ಮ ಮನೆಗೆ ಬಂದವರಲ್ಲ. ನಮ್ಮಲ್ಲಿ ಅವರು ಮುಂಬಾಗಿಲಿನಿಂದಲೇ ಬಂದು, ಕೈಕಾಲು ತೊಳೆದು, ಕಾಫಿ ಕುಡಿದು, "ಒಂದು ಪ್ರಿಂಟ್ ತೆಗೆಯಬೇಕಿತ್ತಲ್ಲ" ಎನ್ನುತ್ತ ಕುರ್ಚಿ ಎಳೆದುಕೊಳ್ಳುತ್ತಾರೆ.

ಈ ಪರಂಪರೆಗೆ ವಯಸ್ಸಾಗಿದೆ. ಗಣಕದಲ್ಲಿ ಪಾಸ್‌ವರ್ಡ್ ಬಳಕೆ ಶುರುವಾದ ಮೊದಲ ತಾಣಗಳಲ್ಲೊಂದಾದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, 1962ರಲ್ಲೇ, ಅಲನ್ ಶೆರ್ ಎಂಬ ಸಂಶೋಧಕರು ಗಣಕ ಬಳಸಲು ತಮಗೆ ವಾರಕ್ಕೆ ಕೊಟ್ಟಿದ್ದ ನಾಲ್ಕು ಗಂಟೆ ಸಾಲದೆಂದು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡರು. ಗಮನಿಸಿ, ಅವರಿಗೂ ಬೇಕಾಗಿದ್ದದ್ದು ಒಂದು ಪ್ರಿಂಟ್ ಮಾತ್ರ.

ನಮ್ಮ ಮೊದಲ ಗಣಕದಲ್ಲಿ ವಿಂಡೋಸ್ 98 ಇತ್ತು. ಅದು ಬಹಳ ಗಂಭೀರವಾಗಿ ಪಾಸ್‌ವರ್ಡ್ ಕೇಳುತ್ತಿತ್ತು. ಗೊತ್ತಿಲ್ಲವೆಂದು ಕ್ಯಾನ್ಸಲ್ ಒತ್ತಿದರೆ ಅಷ್ಟೇ ಗಂಭೀರವಾಗಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಹಾಗಾಗಿ ವಿಂಡೋಸ್ ಏಳುವ ಮೊದಲೇ ತಡೆಯಲೆಂದು, ಗಣಕ ಚಾಲೂ ಆದೊಡನೆ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವ ಬಯೋಸ್ ಎಂಬ ಮೂಲ ತಂತ್ರಾಂಶಕ್ಕೇ ಪಾಸ್‌ವರ್ಡ್ ಹಾಕಿದೆ. ರೇಡಿಯೋ ಬಿಚ್ಚಿ ಕೈ ಪಳಗಿದ್ದ ನಮ್ಮ ಭಾವನವರು, ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಮಲಗಿದ ಹೊತ್ತಿನಲ್ಲಿ ಸಿಪಿಯು ಪೆಟ್ಟಿಗೆಯ ತಿರುಪು ಬಿಚ್ಚಿ, ಮದರ್‌ಬೋರ್ಡಿನಲ್ಲಿದ್ದ ನಾಣ್ಯದ ಗಾತ್ರದ ಸೆಲ್ಲನ್ನು ಉಗುರಿನಿಂದ ಎಬ್ಬಿಸಿ, ಕೆಲಹೊತ್ತು ಪಂಚೆಯ ತುದಿಯಿಂದ ಉಜ್ಜಿ, ಮತ್ತೆ ಕೂರಿಸಿದರು. ಬಯೋಸ್‌ನ ನೆನಪೆಲ್ಲ ಆ ಸೆಲ್ಲಿನ ಕೃಪೆಯಲ್ಲಿದ್ದ ಕಾಲವದು. ಪಾಸ್‌ವರ್ಡ್ ಮಾಯವಾಗಿತ್ತು, ಗಣಕದ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. "ಧೂಳು ಕೂತಿತ್ತು ಕಣಯ್ಯ, ಒರೆಸಿದೆ" ಎಂದರು. ಅಕ್ಕನ ಗಂಡನಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ಮುಂದೆ ಅವರ ಮಗ ತಂದೆಯ ಕೆಲಸವನ್ನು ತಿರುಪುಳಿಯ ಗೊಡವೆಯಿಲ್ಲದೆ ಮುಂದುವರಿಸಿದ. ಇಂಟೆಲ್ ಗ್ರಾಫಿಕ್ಸ್ ಇದ್ದ ಹಳೆಯ ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಜೊತೆಗೆ ಕೆಳಬಾಣದ ಕೀ ಒತ್ತಿದರೆ ಪರದೆ ತಲೆಕೆಳಗಾಗುತ್ತಿತ್ತು. ಮೇಲ್ಬಾಣ ಒತ್ತಿದರೆ ಸರಿಹೋಗುತ್ತಿತ್ತು. ಹುಡುಗ ಮೊದಲರ್ಧವನ್ನು ಮಾತ್ರ ಕಲಿತು ಬಂದಿದ್ದ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಅಪ್ಪ ಮಾನಿಟರನ್ನೇ ಬುಡಮೇಲು ಮಾಡಿ, ಎರಡು ದಿಂಬುಗಳ ನಡುವೆ ಒರಗಿಸಿ, ಯಾರ ಮೇಲೂ ದೂರಿಲ್ಲದೆ ಪತ್ರಿಕೆ ಓದುತ್ತಿದ್ದರು.

ಅತಿಥಿಗಳಿಗೆಂದೇ ಪ್ರತ್ಯೇಕ ಖಾತೆ ತೆರೆದದ್ದೂ ಉಂಟು. ಅದರಲ್ಲಿ ಹೆಚ್ಚಿನ ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡಹೊರಟರೆ ಗಣಕವು ಅಡ್ಮಿನಿಸ್ಟ್ರೇಟರ್, ಎಂದರೆ ಗಣಕದ ಯಜಮಾನನ, ಪಾಸ್‌ವರ್ಡ್ ಕೇಳುತ್ತದೆ. "ನಮ್ಮನ್ನು ಜಗಲಿಯಲ್ಲೇ ಕೂರಿಸಿಬಿಟ್ಟೆಯಲ್ಲಯ್ಯ" ಎಂದು ಭಾವನವರು ನೊಂದುಕೊಂಡದ್ದು ಅಡುಗೆಮನೆಗೆ ಕೇಳಿಸಿ, ಅಲ್ಲಿಂದಲೇ ನನ್ನ ಹೆಂಡತಿ ಪಾಸ್‌ವರ್ಡನ್ನು ಅಕ್ಷರ ಬಿಡಿಸಿ ಕೂಗಿ ಹೇಳಿದಳು. ವಿಂಡೋಸ್ ಕೀ ಜೊತೆಗೆ ಎಲ್ ಒತ್ತಿದರೆ ಕ್ಷಣದಲ್ಲಿ ಪರದೆ ಲಾಕ್ ಆಗುತ್ತದೆ ಎಂಬುದು ನಿಜವಾದರೂ, ಪಕ್ಕದಲ್ಲೇ ಕುಳಿತ ಬಂಧುವಿನ ಮುಖದೆದುರು ಅದನ್ನು ಒತ್ತಿ ಎದ್ದು ಹೋಗುವ ಎದೆಗಾರಿಕೆಯನ್ನು ಯಾವ ಕಂಪನಿಯೂ ಗಣಕದ ಜೊತೆಗೆ ಕೊಡುವುದಿಲ್ಲ.

ಆ ದಾಕ್ಷಿಣ್ಯದಿಂದ ಪಾರಾಗಲೆಂದೇ, ವಿಂಡೋಸ್ 10ಕ್ಕೆ 2017ರಲ್ಲಿ ಸೇರಿದ ಡೈನಾಮಿಕ್ ಲಾಕ್ ಎಂಬ ಸೌಲಭ್ಯವನ್ನು ಹಾಕಿಕೊಂಡೆ. ಬ್ಲೂಟೂತ್ ಮೂಲಕ ಜೋಡಿಸಿದ ಮೊಬೈಲ್ ದೂರ ಸರಿದರೆ, ಯಜಮಾನ ಎದ್ದು ಹೋದನೆಂದು ತಿಳಿದು ಗಣಕ ತಾನಾಗಿಯೇ ಲಾಕ್ ಆಗುತ್ತದೆ. ಯಾರ ಮನಸ್ಸೂ ನೋಯುವುದಿಲ್ಲ. ಗೌರಿಹಬ್ಬದಂದು ತರಕಾರಿ ತರಲು ಹೊರಟಾಗ ಅಳಿಯ "ಮಾವ, ಒಂದೇ ಒಂದು ಆಟ" ಎಂದು ನನ್ನ ಮೊಬೈಲ್ ಇಸಿದುಕೊಂಡು ಗಣಕದ ಮೇಜಿನ ಕೆಳಗೆ ಕುಳಿತ. ನಾನು ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಷ್ಟು ಹೊತ್ತೂ ಗಣಕವು ನಾನು ಎದುರಿಗೇ ಇದ್ದೇನೆಂದು ದೃಢವಾಗಿ ನಂಬಿತ್ತು.

ಮರಳಿ ಬಂದಾಗ ಭಾವನವರು ಬಾಗಿಲಲ್ಲೇ ತಡೆದು ಬುದ್ಧಿ ಹೇಳಿದರು. "ಹೀಗೆ ತೆರೆದಿಟ್ಟು ಹೋಗುವುದೇನಯ್ಯ? ನಾಲ್ಕು ಜನ ಓಡಾಡುವ ಮನೆ. ನಿನ್ನ ಪಾಸ್‌ವರ್ಡೂ ಬಹಳ ಸುಲಭದ್ದು, ಅದಕ್ಕೇ ಗಟ್ಟಿಯಾದದ್ದೊಂದನ್ನು ಹಾಕಿದ್ದೇನೆ. ಏನೆಂದು ಊಟದ ಹೊತ್ತಿಗೆ ನೆನಪು ಮಾಡಿಕೊಂಡು ಹೇಳುತ್ತೇನೆ, ಇರು."